ಒತ್ತಕ್ಷರ ಬಲ ಹೆಬ್ಬೆರಳಿಗೆ: ಕನ್ನಡ ಟೈಪಿಂಗ್‌ಗೆ ಒಂದು ಸ್ಪ್ಲಿಟ್ ಕೀಬೋರ್ಡ್

ಸ್ಪ್ಲಿಟ್ ಕೀಬೋರ್ಡ್, ಅಂದರೆ ಎಡಗೈಗೊಂದು ಬಲಗೈಗೊಂದು ಅಂತ ಎರಡು ಹೋಳಾದ ಕೀಬೋರ್ಡ್ ಬಗ್ಗೆ ನಾನು ಓದಿದ ವಿಮರ್ಶೆಗಳೆಲ್ಲ ಪ್ರೋಗ್ರಾಂ ಬರೆಯುವವರದ್ದು, ಇಲ್ಲವೇ ಇಂಗ್ಲಿಷ್ ಟೈಪ್ ಮಾಡುವವರದ್ದು. ನನ್ನ ಕೆಲಸ ಬೇರೆ. ಮೈಸೂರಿನಲ್ಲಿ ಮನೆಯಿಂದಲೇ ಡಿಟಿಪಿ ಮಾಡುತ್ತೇನೆ. ಲೇಖಕರ ಕೈಬರಹದ ಪ್ರತಿ ಬರುತ್ತದೆ, ಅದನ್ನು ಟೈಪ್ ಮಾಡಿ, ಪ್ರೂಫ್ ತಿದ್ದಿ, ಪುಟ ಕಟ್ಟಿ ಕೊಡಬೇಕು. ಬೆಳಗ್ಗೆ ಕೂತರೆ ಸಂಜೆವರೆಗೂ ಕನ್ನಡವೇ. ಹಾಗಾಗಿ ನಾನು ಹೇಳುವುದೆಲ್ಲ ಕನ್ನಡ ಟೈಪ್ ಮಾಡುವ ಕೈಯ ಮಾತು. ನಾನು ಬಳಸುವುದು ‘ನುಡಿ’ ತಂತ್ರಾಂಶದ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿ ವಿನ್ಯಾಸ, ಅಂದರೆ ಗಣಕದಲ್ಲಿ ಕನ್ನಡ ತಂದ ಹಿರಿಯರಲ್ಲಿ ಒಬ್ಬರಾದ ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು. ನಮ್ಮ ಕಸುಬಿನಲ್ಲಿ ತುಂಬಾ ಜನ ಇದನ್ನೇ ಕಲಿತವರು.

ಮೊದಲು ಒಂದು ಪದ ನೋಡಿ: ‘ಹಳ್ಳಿಗಳಲ್ಲಿ’. ನುಡಿಯಲ್ಲಿ ಇದನ್ನು ಹೊಡೆಯಲು ಹನ್ನೊಂದು ಕೀ ಒತ್ತಬೇಕು. ಹ, ಳ, ಎಫ್, ಳ, ಇ, ಗ, ಳ, ಲ, ಎಫ್, ಲ, ಇ. ಎಫ್ ಅಂದರೆ ಒತ್ತಕ್ಷರ ಕೂಡಿಸುವ ಕೀ. ಳ ಬೇಕಾದರೆ ಶಿಫ್ಟ್ ಹಿಡಿದು ಎಲ್ ಒತ್ತಬೇಕು. ಅಂದರೆ ಒಂದೇ ಪದಕ್ಕೆ ಮೂರು ಸಲ ಶಿಫ್ಟ್. ಅದರಲ್ಲೂ ‘ಳ್ಳಿ’ ಬರೆಯುವಾಗ ಶಿಫ್ಟ್ ಹಿಡಿಯಬೇಕು, ಎಫ್ ಬರುವಷ್ಟರಲ್ಲಿ ಬಿಡಬೇಕು, ತಕ್ಷಣ ಮತ್ತೆ ಹಿಡಿಯಬೇಕು. ಬಿಡುವುದು ಚೂರು ತಡವಾದರೂ ಅಕ್ಷರ ಕೆಡುತ್ತದೆ. ಇಂಗ್ಲಿಷಿನಲ್ಲಿ ಶಿಫ್ಟ್ ಬೇಕಾಗುವುದು ವಾಕ್ಯದ ಮೊದಲಿಗೆ, ಹೆಸರುಗಳಿಗೆ. ನಮಗೆ ಣ, ಳ, ಸೊನ್ನೆ, ಮಹಾಪ್ರಾಣ, ಆ ಏ ಓ ದೀರ್ಘಗಳು, ಎಲ್ಲಕ್ಕೂ ಶಿಫ್ಟ್ ಬೇಕು. ‘ಮಾತನಾಡುತ್ತಾಳೆ’ ಅನ್ನುವ ಒಂದು ಪದದಲ್ಲಿ ನಾಲ್ಕು ಸಲ ಬರುತ್ತದೆ. ಈ ಭಾರವೆಲ್ಲ ಎರಡು ಕಿರುಬೆರಳುಗಳ ಮೇಲೆ. ಕೈಯಲ್ಲಿ ಎಲ್ಲಕ್ಕಿಂತ ಬಡಪಾಯಿ ಬೆರಳು ಅದು.

ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ. ‘ಮತ್ತು’ ಬರೆಯಿರಿ. ‘ತ್ತ’ ಬರಬೇಕಾದರೆ ಟಿ, ಎಫ್, ಟಿ. ಈ ಮೂರೂ ಎಡಗೈಯ ತೋರುಬೆರಳಿನ ಕೀಗಳು. ‘ಹಗ್ಗ’ದ ಗ್ಗ, ‘ಹಬ್ಬ’ದ ಬ್ಬ, ‘ಅವ್ವ’ದ ವ್ವ, ‘ಕರ್ತವ್ಯ’ದ ರ್ತ, ಎಲ್ಲವೂ ಅದೇ ಬೆರಳಿಗೆ. ಒಂದೇ ಬೆರಳು ಮೇಲೆ ಕೆಳಗೆ ಹಾರುತ್ತಿರಬೇಕು. ಕನ್ನಡದಲ್ಲಿ ‘ತ್ತ’ ಎಷ್ಟು ಸಲ ಬರುತ್ತದೆ ಅಂತ ಯೋಚನೆ ಮಾಡಿ. ‘ಮಾಡುತ್ತಾರೆ’, ‘ಹೋಗುತ್ತಾನೆ’, ‘ಇತ್ತು’, ಎಲ್ಲದರಲ್ಲೂ ಇದೆ. ‘ಬಂತು’ ಅಂತ ಬರೆದರೆ ತಪ್ಪಿತು, ‘ಬರುತ್ತಿತ್ತು’ ಅಂತ ಬರೆದರೆ ಎರಡೆರಡು ಸಲ ಬಂತು. ಒಂದು ಕಾದಂಬರಿ ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಆ ಬೆರಳಿನ ಗತಿ ಏನಾಗಬೇಕು?

ನನಗೆ ನೋವು ಶುರುವಾದದ್ದು ಮಣಿಕಟ್ಟಿನ ಹೊರಬದಿಯಲ್ಲಿ, ಕಿರುಬೆರಳಿನ ಕಡೆ. ಮೊದಲು ಡಾಕ್ಟರ್ ಹತ್ತಿರ ಹೋದೆ, ಅಲ್ಲಿಂದ ಫಿಸಿಯೋಥೆರಪಿಗೆ. ನಿಮಗೂ ನೋವಿದ್ದರೆ ಅದೇ ಕ್ರಮ ಇಟ್ಟುಕೊಳ್ಳಿ. ಹೆಬ್ಬೆರಳು, ತೋರುಬೆರಳು, ನಡುಬೆರಳಿನಲ್ಲಿ ಜೋಮು ಹಿಡಿದ ಹಾಗೆ ಆಗುತ್ತಿದ್ದರೆ, ರಾತ್ರಿ ಎಚ್ಚರ ಆಗುವಷ್ಟು ಇದ್ದರೆ, ಕೀಬೋರ್ಡ್ ಹುಡುಕುತ್ತಾ ಕೂರಬೇಡಿ, ತೋರಿಸಿ. ಅದು ಮಣಿಕಟ್ಟಿನೊಳಗೆ ನರ ಒತ್ತಿಕೊಂಡದ್ದೂ ಇರಬಹುದು. ಕೀಬೋರ್ಡ್ ಔಷಧಿ ಅಲ್ಲ.

ಫಿಸಿಯೋಥೆರಪಿ ಮಾಡುವವರು ಒಂದು ಕೆಲಸ ಮಾಡಿಸಿದರು. ಕಣ್ಣು ಮುಚ್ಚಿ, ಎರಡೂ ಕೈ ಸಡಿಲ ಬಿಟ್ಟು, ಹಾಗೇ ಮೇಜಿನ ಮೇಲೆ ಇಡಿ ಅಂದರು. ಕಣ್ಣು ಬಿಟ್ಟು ನೋಡಿದರೆ ಕೈಗಳ ನಡುವೆ ಭುಜದಷ್ಟು ಅಗಲ. ಅಂಗೈ ಪೂರ್ತಿ ನೆಲ ನೋಡುತ್ತಿರಲಿಲ್ಲ, ಹೆಬ್ಬೆರಳಿನ ಕಡೆ ಸ್ವಲ್ಪ ಎದ್ದು ನಿಂತಿತ್ತು. ಈಗ ಅದೇ ಕೈಗಳನ್ನು ಮಾಮೂಲಿ ಕೀಬೋರ್ಡಿನ ಮೇಲೆ ತನ್ನಿ. ಮೊಣಕೈ ಪಕ್ಕೆಗೆ ಅಂಟುತ್ತದೆ, ಭುಜ ಮುಂದಕ್ಕೆ ಬಾಗುತ್ತದೆ, ಮಣಿಕಟ್ಟು ಕಿರುಬೆರಳಿನ ಕಡೆಗೆ ಸೊಟ್ಟ ಆಗುತ್ತದೆ, ಅಂಗೈ ಚಪ್ಪಟೆ ತಿರುಗುತ್ತದೆ. ಕೀಬೋರ್ಡಿನ ಹಿಂದಿನ ಎರಡು ಕಾಲು ಎತ್ತಿಟ್ಟರಂತೂ ಮಣಿಕಟ್ಟು ಮೇಲಕ್ಕೂ ಮಡಚುತ್ತದೆ. ಆ ಕಾಲುಗಳನ್ನು ಇವತ್ತೇ ಮಡಚಿಡಿ, ಅದಕ್ಕೆ ಕಾಸು ಬೇಡ.

ಕೀಬೋರ್ಡನ್ನು ಎರಡು ಹೋಳು ಮಾಡುವ ಯೋಚನೆ ಹೊಸದಲ್ಲ. ಜರ್ಮನಿಯ ಕ್ಲಾಕೆನ್‌ಬರ್ಗ್ 1926ರಲ್ಲೇ ಟೈಪ್‌ರೈಟರಿಗೆ ಇದನ್ನು ಸೂಚಿಸಿದ್ದರು. ಮೈಕ್ರೋಸಾಫ್ಟಿನ ನ್ಯಾಚುರಲ್ ಕೀಬೋರ್ಡ್ ಬಂದದ್ದು 1994ರಲ್ಲಿ. ಆದರೂ ನಾವಿನ್ನೂ ಅಕ್ಷರಗಳ ಸಾಲು ಓರೆಯಾಗಿರುವ ಹಲಗೆಯ ಮೇಲೇ ಹೊಡೆಯುತ್ತಿದ್ದೇವೆ. ಆ ಓರೆ ಬಂದದ್ದು ಟೈಪ್‌ರೈಟರಿನ ಕಡ್ಡಿಗಳು ಒಂದಕ್ಕೊಂದು ತಾಗದೆ ಹಾದುಹೋಗಲಿ ಅಂತ. ಕಂಪ್ಯೂಟರಿನಲ್ಲಿ ಕಡ್ಡಿ ಎಲ್ಲಿದೆ?

ಕೊಳ್ಳುವ ಮೊದಲು ಒಂದಷ್ಟು ಜಾತಿ ನೋಡಿದೆ. ಒಂದೇ ಹಲಗೆಯಲ್ಲಿ ನಡುವೆ ಉಬ್ಬಿ ಬಾಗಿದ ಲಾಜಿಟೆಕ್ ಎರ್ಗೋ ಕೆ860 ಥರದ್ದು ಒಂದು. ಇದು ಸುಲಭ, ಕೈ ಬೇಗ ಒಗ್ಗುತ್ತದೆ, ಆದರೆ ಎರಡು ಭಾಗಗಳ ಅಂತರ ನಿಮ್ಮ ಭುಜಕ್ಕೆ ತಕ್ಕ ಹಾಗೆ ಬದಲಾಗುವುದಿಲ್ಲ. ಕಿನೆಸಿಸ್ ಫ್ರೀಸ್ಟೈಲ್2 ನಿಜವಾಗಿ ಎರಡು ಹೋಳು. ಕೀಗಳೆಲ್ಲ ಮಾಮೂಲಿ ಜಾಗದಲ್ಲೇ ಇರುತ್ತವೆ. ಹೊಸದು ಕಲಿಯುವ ತಾಪತ್ರಯ ಬೇಡ ಅನ್ನುವವರಿಗೆ ಇದು ಒಳ್ಳೆಯದು. ಮೂನ್‌ಲ್ಯಾಂಡರ್ ಅನ್ನುವ ಇನ್ನೊಂದು ಎರಡು ಹೋಳಿನದು ಬಹಳ ಚೆನ್ನಾಗಿದೆ, ಆದರೆ ನಾನು ನೋಡಿದಾಗ 365 ಡಾಲರ್ ಇತ್ತು, ಮೇಲೆ ಸಾಗಣೆ, ಸುಂಕ. ಪುಟದ ಲೆಕ್ಕದಲ್ಲಿ ದುಡಿಯುವವರಿಗೆ ಅದು ಆಗದ ಮಾತು.

ಕೊನೆಗೆ ತೆಗೆದುಕೊಂಡದ್ದು ಸೋಫಲ್. ಇದು ಕಂಪನಿಯ ಮಾಲಲ್ಲ. ನಕ್ಷೆ ಎಲ್ಲರಿಗೂ ಮುಕ್ತವಾಗಿದೆ, ಯಾರು ಬೇಕಾದರೂ ಬೋರ್ಡ್ ಮಾಡಿಸಿ ಜೋಡಿಸಬಹುದು. ಲಿಲಿ58, ಕಾರ್ನೆ ಅನ್ನುವ ಇಂಥವೇ ಹಳೆಯ ನಕ್ಷೆಗಳನ್ನು ನೋಡಿ ಬೆಳೆಸಿದ್ದು. ಒಟ್ಟು 58 ಕೀ, ಎರಡು ಕಡೆ ಎರಡು ತಿರುಗುವ ಗುಂಡಿ. ಅಕ್ಷರಗಳು ಅಡ್ಡಸಾಲಿನಲ್ಲಿ ಓರೆಯಾಗಿಲ್ಲ. ಪ್ರತಿ ಬೆರಳಿಗೂ ಒಂದೊಂದು ನೇರ ಉದ್ದಸಾಲು, ನಡುಬೆರಳಿನ ಸಾಲು ಸ್ವಲ್ಪ ಮೇಲೆ, ಕಿರುಬೆರಳಿನ ಸಾಲು ಕೆಳಗೆ. ಕಾರ್ನೆಯಲ್ಲಿ 42 ಕೀ ಮಾತ್ರ, ಅಂಕಿಗಳ ಸಾಲೇ ಇಲ್ಲ. ಪುಟಸಂಖ್ಯೆ, ಇಸವಿ, ಅಡಿಟಿಪ್ಪಣಿ ಅಂತ ದಿನವಿಡೀ ಅಂಕಿ ಹೊಡೆಯುವ ನನಗೆ ಅದು ಸರಿಹೋಗಲ್ಲ.

ಇನ್‌ಸ್ಕ್ರಿಪ್ಟ್, ಅಂದರೆ ಭಾರತೀಯ ಭಾಷೆಗಳಿಗೆ ಸರ್ಕಾರ ಗೊತ್ತುಮಾಡಿದ ಕೀಲಿ ವಿನ್ಯಾಸ ಬಳಸುವವರು ಇಲ್ಲಿ ಸ್ವಲ್ಪ ನಿಲ್ಲಿ. ಎಡಗೈಗೆ ಸ್ವರ, ಬಲಗೈಗೆ ಹೆಚ್ಚಿನ ವ್ಯಂಜನ ಅಂತ ಹಂಚಿರುವ ಆ ವಿನ್ಯಾಸ ಎರಡು ಹೋಳಿನ ಕೀಬೋರ್ಡಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಡ, ಢ ಇರುವುದು ಪಿ ಪಕ್ಕದ ಚೌಕ ಕಂಸದ ಕೀಯಲ್ಲಿ. ಸೋಫಲ್‌ನಲ್ಲಿ ಆ ಕೀಯೇ ಇಲ್ಲ. ‘ಮಾಡು’ ಅನ್ನಲು ಡ ಬೇಕು, ‘ಕನ್ನಡ’ ಅನ್ನಲೂ ಬೇಕು. ಬೇರೆ ಕೀ ತೆಗೆದು ಅಲ್ಲಿ ಕೂರಿಸಬಹುದು ನಿಜ. ಆದರೂ ನೀವು ಇನ್‌ಸ್ಕ್ರಿಪ್ಟ್‌ನವರಾದರೆ ಫ್ರೀಸ್ಟೈಲ್2, ಕೀಕ್ರಾನ್ ಕ್ಯೂ11 ಥರ ಬಲಗಡೆ ಕೀಗಳು ಪೂರ್ತಿ ಇರುವುದನ್ನೇ ನೋಡಿ. ಸುಮ್ನೆ ಯಾಕೆ ಒದ್ದಾಡುವುದು.

ಬೆಂಗಳೂರಿನಲ್ಲಿ ಆರ್ಡರ್ ಕೊಟ್ಟರೆ ಜೋಡಿಸಿಕೊಡುವವರೊಬ್ಬರಿಂದ ತರಿಸಿದೆ. ಕೀಯ ಕೆಳಗಿನ ಸ್ವಿಚ್, ಮೇಲಿನ ಟೋಪಿ ಅಂದರೆ ಕೀಕ್ಯಾಪ್, ಎಲ್ಲ ಸೇರಿ ಸುಮಾರು ಹದಿನಾಲ್ಕು ಸಾವಿರ ಆಯಿತು. ಬೆಸುಗೆ ಹಾಕಲು ಬರುವವರಿಗೆ ಇನ್ನೂ ಕಡಿಮೆಗೆ ಆಗುತ್ತದೆ. ಎರಡು ವಿಷಯ ಕೇಳಿ ಖಚಿತ ಮಾಡಿಕೊಂಡಿದ್ದೆ. ಸ್ವಿಚ್‌ಗಳನ್ನು ಬೆಸುಗೆ ಬಿಡಿಸದೆ ಕಿತ್ತು ಹಾಕುವ ಹಾಗಿರಬೇಕು, ಕೀ ಬದಲಾಯಿಸಲು ವಯಲ್ ಅನ್ನುವ ತಂತ್ರಾಂಶ ನಡೆಯಬೇಕು. ಮೊದಲನೆಯದು ಯಾಕೆಂದರೆ ಯಾವ ಸ್ವಿಚ್ ನಿಮ್ಮ ಬೆರಳಿಗೆ ಹಿತ ಅಂತ ಹೊಡೆದು ನೋಡದೆ ಗೊತ್ತಾಗಲ್ಲ. ನನ್ನದು 45 ಗ್ರಾಂ ಒತ್ತಡಕ್ಕೆ ಇಳಿಯುವ, ಟಕ್ ಅನ್ನದ, ನೇರ ಇಳಿಯುವ ಬಗೆ. ಅಗ್ಗದ ರಬ್ಬರ್ ಕೀಬೋರ್ಡಿನಲ್ಲಿ ಕೀ ತಳ ಮುಟ್ಟುವವರೆಗೂ ಗುದ್ದಬೇಕು. ಇದರಲ್ಲಿ ಅರ್ಧ ದಾರಿಯಲ್ಲೇ ಅಕ್ಷರ ಬಿದ್ದುಬಿಡುತ್ತದೆ. ಟಕಟಕ ಅನ್ನುವ ನೀಲಿ ಸ್ವಿಚ್ ಬಗ್ಗೆ ಹೇಳುವುದಾದರೆ, ಮಧ್ಯಾಹ್ನ ಪಕ್ಕದ ಕೋಣೆಯಲ್ಲಿ ಅತ್ತೆಯವರು ಮಲಗುತ್ತಾರೆ. ಹಾಗಾಗಿ ಆ ಯೋಚನೆಯನ್ನೇ ಮಾಡಲಿಲ್ಲ.

ಈಗ ಮುಖ್ಯವಾದದ್ದಕ್ಕೆ ಬರುತ್ತೇನೆ. ಮಾಮೂಲಿ ಕೀಬೋರ್ಡಿನಲ್ಲಿ ಎರಡು ಹೆಬ್ಬೆರಳಿಗೂ ಸೇರಿ ಒಂದೇ ಕೆಲಸ, ಸ್ಪೇಸ್ ಬಾರ್. ಅಷ್ಟು ಗಟ್ಟಿ ಬೆರಳನ್ನು ಹೀಗೆ ಸುಮ್ಮನೆ ಕೂರಿಸಿರುವುದು ನನಗೆ ಈಗಲೂ ಆಶ್ಚರ್ಯ. ಸೋಫಲ್‌ನಲ್ಲಿ ಒಂದೊಂದು ಹೆಬ್ಬೆರಳಿನ ಕೆಳಗೂ ಕೀಗಳಿವೆ, ಯಾವ ಕೀ ಏನು ಅಂತ ನೀವೇ ಗೊತ್ತುಮಾಡಬಹುದು. ನಾನು ಎಡ ಹೆಬ್ಬೆರಳಿನ ದೊಡ್ಡ ಕೀಗೆ ಶಿಫ್ಟ್ ಕೊಟ್ಟೆ. ಅದೂ ಹಿಡಿದೇ ಇರಬೇಕಾದ ಶಿಫ್ಟ್ ಅಲ್ಲ, ಒನ್‌ಶಾಟ್ ಶಿಫ್ಟ್. ಒಮ್ಮೆ ತಟ್ಟಿ ಬಿಟ್ಟರೆ ಮುಂದಿನ ಒಂದು ಅಕ್ಷರಕ್ಕೆ ಮಾತ್ರ ಲಾಗು, ಆಮೇಲೆ ತಾನೇ ಹೋಗುತ್ತದೆ. ‘ಳ್ಳಿ’ ಬರೆಯುವಾಗಿನ ಹಿಡಿ-ಬಿಡು-ಹಿಡಿ ಇಲ್ಲಿ ಇಲ್ಲ. ತಟ್ಟು, ಳ, ಎಫ್, ತಟ್ಟು, ಳ, ಇ. ಅಕ್ಷರ ಕೆಡುವುದು ನಿಂತೇ ಹೋಯಿತು.

ಬಲ ಹೆಬ್ಬೆರಳಿನ ದೊಡ್ಡ ಕೀ ಸ್ಪೇಸ್. ಅದರ ಪಕ್ಕದ ಕೀಗೆ ಎಫ್ ಕೊಟ್ಟೆ. ನುಡಿಗೆ ಏನೂ ಹೇಳಬೇಕಾಗಿಲ್ಲ, ಯಾವ ಸೆಟ್ಟಿಂಗೂ ಬದಲಿಸಬೇಕಾಗಿಲ್ಲ. ಕೀಬೋರ್ಡ್ ಕಳಿಸುವುದು ಎಫ್, ಅದು ಯಾವ ಬೆರಳಿನಿಂದ ಬಂತು ಅಂತ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಈಗ ‘ತ್ತ’ ಬರೆಯುವಾಗ ಎಡಗೈ ಟಿ, ಬಲ ಹೆಬ್ಬೆರಳು ಒತ್ತು, ಮತ್ತೆ ಎಡಗೈ ಟಿ. ‘ಹಬ್ಬ’, ‘ಹಗ್ಗ’, ‘ಅವ್ವ’ ಎಲ್ಲದರಲ್ಲೂ ಕೈ ಬದಲಾಗುತ್ತದೆ. ಡೊಳ್ಳಿಗೆ ಎರಡು ಕಡೆಯಿಂದ ಪೆಟ್ಟು ಬಿದ್ದ ಹಾಗೆ ಒಂದು ಲಯ ಬರುತ್ತದೆ, ಆ ಲಯ ಕೈಗೆ ಹತ್ತಿದ ಮೇಲೆ ಒತ್ತಕ್ಷರ ಬಂತೆಂದರೆ ಖುಷಿಯೇ ಆಗುತ್ತದೆ. ಹಳೆಯ ಎಫ್ ಕೀಯನ್ನು ತೆಗೆದಿಲ್ಲ, ಅದರ ಜಾಗದಲ್ಲೇ ಇದೆ. ಇಂಗ್ಲಿಷ್ ಬರೆಯುವಾಗ ಬೇಕಲ್ವಾ.

ಹದಿನಾಲ್ಕು ಸಾವಿರ ಕೊಟ್ಟದ್ದಕ್ಕೆ ನನಗೆ ಸಿಕ್ಕ ದೊಡ್ಡ ಲಾಭ ಇದೇ ಅಂತ ಹೇಳುತ್ತೇನೆ. ಎರಡು ಹೋಳು ಆದದ್ದರಿಂದ ಭುಜಕ್ಕೆ ಹಾಯಾಯಿತು. ಬೆರಳು ಉಳಿದದ್ದು ಮಾತ್ರ ಹೆಬ್ಬೆರಳಿಗೆ ಕೆಲಸ ಕೊಟ್ಟಿದ್ದರಿಂದ.

ನುಡಿಯಲ್ಲಿ ಕನ್ನಡ-ಇಂಗ್ಲಿಷ್ ಬದಲಿಸಲು ಸ್ಕ್ರೋಲ್ ಲಾಕ್ ಬೇಕು. 58 ಕೀಗಳಲ್ಲಿ ಅದಕ್ಕೆ ಜಾಗ ಎಲ್ಲಿ? ಎಡಗಡೆಯ ತಿರುಗುವ ಗುಂಡಿಯನ್ನು ಒತ್ತಲೂಬಹುದು, ಅದನ್ನೇ ಸ್ಕ್ರೋಲ್ ಲಾಕ್ ಮಾಡಿದೆ. ಲಿನಕ್ಸ್ ಬಳಸುವವರಿಗೆ ಕಗಪ ವಿನ್ಯಾಸ ವ್ಯವಸ್ಥೆಯಲ್ಲೇ ಸಿಗುತ್ತದೆ, ಅವರು ತಮ್ಮ ಬದಲಾವಣೆಯ ಕೀಗಳನ್ನು ಈ ಗುಂಡಿಗೆ ಕೊಡಬಹುದು. ಬಾಣದ ಕೀ, ಹೋಮ್, ಎಂಡ್, ಕಂಸಗಳೆಲ್ಲ ಎರಡನೇ ಪದರದಲ್ಲಿವೆ. ಒಂದು ಕೀ ಹಿಡಿದರೆ ಅಕ್ಷರಗಳ ಜಾಗದಲ್ಲಿ ಅವು ಬರುತ್ತವೆ. ಪ್ರೂಫ್ ತಿದ್ದುವಾಗ ಕೈ ಎತ್ತದೆ ಪದದಿಂದ ಪದಕ್ಕೆ ಹೋಗಬಹುದು.

ಕಲಿಯುವುದು ಸುಲಭ ಅಂತ ಹೇಳಲಾರೆ. ಮೊದಲ ಕೆಲವು ವಾರ ವೇಗ ಅರ್ಧಕ್ಕಿಂತ ಕೆಳಗೆ ಬಂತು. ತೊಂದರೆ ಕೊಟ್ಟ ಅಕ್ಷರಗಳು ಮೂರು. ಬ, ಚ, ಷ. ಬಿ ಕೀ ಎಡ ಹೋಳಿನಲ್ಲಿದೆ. ಬಲಗೈಯಿಂದ ಬಿ ಹೊಡೆದು ಅಭ್ಯಾಸ ಇರುವವರ ಬೆರಳು ಎರಡು ಹೋಳುಗಳ ನಡುವಿನ ಮೇಜಿಗೆ ಬೀಳುತ್ತದೆ. ‘ಬಂದ’, ‘ಬೇಕು’, ‘ಬಿಟ್ಟ’, ಕನ್ನಡದಲ್ಲಿ ಬ ಇಲ್ಲದ ಸಾಲು ಸಿಗುವುದೇ ಕಷ್ಟ. ಸಿ, ಎಕ್ಸ್ ಕೀಗಳು ಓರೆ ಬಿಟ್ಟು ನೇರ ಬಂದಿರುವುದರಿಂದ ಚ, ಷ ಬದಲು ಪಕ್ಕದ ಅಕ್ಷರ ಬೀಳುತ್ತಿತ್ತು. ಒಂದೇ ಉಪಾಯ: ಕೈಯಲ್ಲಿ ತುರ್ತು ಪುಸ್ತಕ ಇಲ್ಲದ ಸಮಯ ನೋಡಿ ಶುರು ಮಾಡಿ, ದಸರಾ ರಜೆಯಂಥ ಸಮಯ. ಹಳೆಯ ಕೀಬೋರ್ಡನ್ನು ಕಣ್ಣಿಗೆ ಕಾಣದ ಹಾಗೆ ಎತ್ತಿಡಿ. ಎರಡನ್ನೂ ದಿನ ಬಿಟ್ಟು ದಿನ ಬಳಸಿದರೆ ಯಾವುದೂ ಹತ್ತುವುದಿಲ್ಲ. ಅಂದಹಾಗೆ ನನ್ನ ಕೀಕ್ಯಾಪ್‌ಗಳ ಮೇಲೆ ಕನ್ನಡ ಅಕ್ಷರ ಇಲ್ಲ, ನೋಡದೆ ಟೈಪ್ ಮಾಡುವವರಿಗೆ ಅದರ ಅಗತ್ಯವೂ ಇಲ್ಲ. ಕೀ ನೋಡಿಕೊಂಡು ಟೈಪ್ ಮಾಡುವವರು ಮೊದಲು ಮಾಮೂಲಿ ಕೀಬೋರ್ಡಿನಲ್ಲೇ ನೋಡದೆ ಹೊಡೆಯುವುದನ್ನು ಕಲಿಯುವುದು ಒಳ್ಳೆಯದು.

ನಾನು ನಿರೀಕ್ಷೆಯೇ ಮಾಡದಿದ್ದ ಒಂದು ಅನುಕೂಲ ಸಿಕ್ಕಿದೆ. ಎರಡು ಹೋಳುಗಳ ನಡುವೆ ಒಂದು ಎ4 ಹಾಳೆಯಷ್ಟು ಜಾಗ ಇದೆಯಲ್ಲ, ಹಸ್ತಪ್ರತಿ ಈಗ ಅಲ್ಲಿ ಕೂರುತ್ತದೆ. ಮೊದಲು ಪ್ರತಿಯನ್ನು ಎಡಗಡೆ ಇಟ್ಟುಕೊಂಡು ದಿನವಿಡೀ ಕತ್ತು ತಿರುಗಿಸಿಕೊಂಡು ಓದಬೇಕಿತ್ತು. ಈಗ ಒಂದು ಓರೆ ಸ್ಟ್ಯಾಂಡ್ ಇಟ್ಟು ಹಾಳೆಯನ್ನು ಮಾನಿಟರಿನ ನೇರ ಕೆಳಗೆ ನಿಲ್ಲಿಸಿದ್ದೇನೆ. ಕಣ್ಣು ಮೇಲೆ ಕೆಳಗೆ ಆಡಿದರೆ ಸಾಕು. ಕತ್ತಿನ ಎಡಭಾಗದ ಬಿಗಿತ ಹೋಗಿದ್ದು ಇದರಿಂದ. ಹಿರಿಯ ಲೇಖಕರು ಕೆಲವರು ಹಾಳೆಯ ಅಂಚಿನಲ್ಲಿ ಸಣ್ಣಗೆ ಸೇರಿಸುವ ಸಾಲುಗಳಿರುತ್ತವೆ, ಬಾಣ ಹಾಕಿ ‘ಇದು ಅಲ್ಲಿಗೆ’ ಅಂತ. ಅವನ್ನು ಓದಲು ಈಗ ಹಾಳೆ ಕೈಗೆತ್ತಿಕೊಳ್ಳಬೇಕಾಗಿಲ್ಲ.

ಸ್ಕ್ಯಾನ್ ಮಾಡಿ ಕಳಿಸಿದ ಪ್ರತಿಯಾದರೆ ಬಲಗಡೆಯ ಗುಂಡಿ ಉಪಯೋಗಕ್ಕೆ ಬರುತ್ತದೆ. ಅದನ್ನು ಮೌಸಿನ ಚಕ್ರದ ಹಾಗೆ ಮಾಡಿದ್ದೇನೆ. ಮೌಸಿನ ಬಾಣವನ್ನು ಪಿಡಿಎಫ್ ಮೇಲೆ ಬಿಟ್ಟಿದ್ದರೆ ಆಯಿತು. ವಿಂಡೋಸ್ 10ರಲ್ಲಿ ಬಾಣ ಯಾವ ಕಿಟಕಿಯ ಮೇಲಿದೆಯೋ ಅದು ಸರಿಯುತ್ತದೆ, ಟೈಪಿಂಗ್ ಮಾತ್ರ ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರಿನಲ್ಲೇ ಮುಂದುವರಿಯುತ್ತದೆ. ಒಂದು ಪ್ಯಾರಾ ಹೊಡೆದು ಗುಂಡಿ ಒಂದು ಸುತ್ತು ತಿರುಗಿಸಿದರೆ ಮುಂದಿನ ಪ್ಯಾರಾ ಬರುತ್ತದೆ.

ಬೋರ್ಡನ್ನು ಹೆಬ್ಬೆರಳಿನ ಕಡೆ ಎತ್ತಿ ಓರೆ ಮಾಡುವುದಕ್ಕೆ ಟೆಂಟಿಂಗ್ ಅನ್ನುತ್ತಾರೆ. ಬಂದ ಡಬ್ಬಿಯಲ್ಲಿ ಅದಕ್ಕೇನೂ ಇರಲಿಲ್ಲ. ನಮ್ಮ ಬೀದಿಯ ಬಡಗಿಯವರಿಗೆ ರಟ್ಟಿನಲ್ಲಿ ಕತ್ತರಿಸಿ ಅಳತೆ ಕೊಟ್ಟೆ. ಹಲಸಿನ ಮರದ ತುಂಡಿನಲ್ಲಿ ಎರಡು ಬೆಣೆ ಮಾಡಿಕೊಟ್ಟರು, ಸುಮಾರು ಹದಿನೈದು ಡಿಗ್ರಿ ಓರೆ. ಮೇಲೆ ಕೆಳಗೆ ರಬ್ಬರ್ ಅಂಟಿಸಿದೆ. ಬೋರ್ಡ್ ಜಾರುವುದಿಲ್ಲ, ಅಂಗೈ ಚಪ್ಪಟೆ ಆಗುವುದೂ ಇಲ್ಲ. ಓರೆ ಇನ್ನೂ ಜಾಸ್ತಿ ಬೇಡ, ಕೀಗಳು ಮೇಜಿನಿಂದ ಎತ್ತರ ಆದಷ್ಟೂ ಮಣಿಕಟ್ಟು ಗಾಳಿಯಲ್ಲಿ ತೂಗುತ್ತದೆ. ಮೇಜಿನ ಎತ್ತರವನ್ನೂ ನೋಡಿಕೊಳ್ಳಿ. ಊಟದ ಮೇಜಿನ ಮೇಲೆ ಇಟ್ಟು ಟೈಪ್ ಮಾಡಿದರೆ ಎಷ್ಟು ದುಬಾರಿಯ ಕೀಬೋರ್ಡ್ ಆದರೂ ಭುಜ ಎತ್ತಿಯೇ ಇರುತ್ತದೆ. ಮೊಣಕೈ ಮಟ್ಟಕ್ಕೆ ಕೀ ಬರಬೇಕು. ಮೇಜು ತಗ್ಗಿಸಲು ಆಗದಿದ್ದರೆ ಕುರ್ಚಿ ಎತ್ತರಿಸಿ ಕಾಲ ಕೆಳಗೆ ಮಣೆ ಇಟ್ಟುಕೊಳ್ಳಿ.

ಕೊರತೆಗಳೂ ಇವೆ. ಬಂದ ಸ್ವಲ್ಪ ದಿನಕ್ಕೇ ಬಲ ಹೋಳಿನ ಒಂದು ಉದ್ದಸಾಲು ಪೂರ್ತಿ ಸತ್ತಿತು. ಐ, ಕೆ ಎರಡೂ ಇಲ್ಲ. ‘ಇಕಾರ’ವೂ ಇಲ್ಲದೆ ‘ಕ’ವೂ ಇಲ್ಲದೆ ಕನ್ನಡ ಬರೆಯುವುದು ಹೇಗೆ? ಬೆಸುಗೆ ಒಂದು ಕಡೆ ಸರಿಯಾಗಿ ಕೂತಿರಲಿಲ್ಲ. ಜೋಡಿಸಿದವರು ಕೊರಿಯರ್ ಖರ್ಚು ತಾವೇ ಹಾಕಿ ಸರಿಮಾಡಿ ಕಳಿಸಿದರು, ಆದರೆ ಅಷ್ಟು ದಿನ ಕೆಲಸ ನಿಂತಿತು. ಅಂಗಡಿಯ ವಾರಂಟಿ, ಸರ್ವಿಸ್ ಸೆಂಟರ್ ಇಲ್ಲಿ ಇಲ್ಲ ಅನ್ನುವುದು ನೆನಪಿರಲಿ. ಎರಡು ಹೋಳು ಸೇರಿಸುವ ಕೇಬಲ್ಲು ಇಯರ್‌ಫೋನ್ ಪಿನ್ನಿನಂಥದ್ದು. ಯುಎಸ್‌ಬಿ ಹಾಕಿರುವಾಗ ಅದನ್ನು ಯಾವತ್ತೂ ಕೀಳಬೇಡಿ, ಹಾಕಲೂಬೇಡಿ. ಶಾರ್ಟ್ ಆಗಿ ಬೋರ್ಡೇ ಹೋಗಬಹುದು. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಮೊದಲೇ ಹೇಳಿಡಿ.

ಹೆಬ್ಬೆರಳಿನ ಕೀಗಳು ಒಂದು ಕಡೆ ಐದಿವೆ. ಆದರೆ ನನ್ನ ಕೈಗೆ ಆರಾಮವಾಗಿ ಸಿಗುವುದು ಎರಡೇ. ಮೂರನೆಯದಕ್ಕೆ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಬೇಕು. ಅಲ್ಲಿ ಪದೇ ಪದೇ ಬರುವ ಕೀ ಇಡಬೇಡಿ, ಕಿರುಬೆರಳಿನ ನೋವು ಹೆಬ್ಬೆರಳಿನ ಬುಡಕ್ಕೆ ಬಂದು ಕೂರುತ್ತದೆ. ಬೋರ್ಡಿನ ಮೇಲಿರುವ ಪುಟ್ಟ ಪರದೆಗಳಿಂದ ನನಗೆ ಏನೂ ಉಪಯೋಗ ಆಗಿಲ್ಲ, ಅವಿಲ್ಲದೆ ಮಾಡಿಸಿದರೆ ಸ್ವಲ್ಪ ದುಡ್ಡು ಉಳಿಯುತ್ತದೆ. ಪ್ರೆಸ್ಸಿಗೆ ಹೋಗಿ ಅಲ್ಲಿನ ಕಂಪ್ಯೂಟರಿನಲ್ಲಿ ಕೊನೆಯ ತಿದ್ದುಪಡಿ ಮಾಡಬೇಕಾದಾಗ ಎರಡು ಹೋಳು, ಎರಡು ಕೇಬಲ್ಲು, ಬೆಣೆ ಎಲ್ಲ ಹೊತ್ತುಕೊಂಡು ಹೋಗುವುದು ಕಷ್ಟ. ಅಲ್ಲಿ ಅವರ ಕೀಬೋರ್ಡಿನಲ್ಲೇ ಮುಗಿಸುತ್ತೇನೆ.

ಕೈ ಈಗ ಹೇಗಿದೆ ಅಂತ ಕೇಳುತ್ತೀರಿ. ಮಣಿಕಟ್ಟಿನ ನೋವು ತುಂಬಾ ಕಡಿಮೆಯಾಗಿದೆ. ಫಿಸಿಯೋಥೆರಪಿಯ ವ್ಯಾಯಾಮ, ನಡುನಡುವೆ ಏಳುವುದು, ಮೇಜಿನ ಎತ್ತರ, ಇವೆಲ್ಲದರ ಜೊತೆಗೆ ಕೀಬೋರ್ಡಿನ ಪಾಲೂ ಇದೆ. ವೇಗ ಹಳೆಯ ಮಟ್ಟಕ್ಕೆ ಬಂದಿದೆ, ಅದಕ್ಕಿಂತ ಮೇಲೆ ಹೋಗಿಲ್ಲ. ವೇಗಕ್ಕಾಗಿ ಇದನ್ನು ಕೊಳ್ಳುವುದಾದರೆ ಬೇಡ. ದಿನಕ್ಕೆ ನಾಲ್ಕು ಮೇಲ್, ಒಂದು ಪತ್ರ ಬರೆಯುವವರಿಗೂ ಬೇಡ. ಪತ್ರಿಕೆಯವರು, ಅನುವಾದಕರು, ಕೋರ್ಟಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ ದಿನವಿಡೀ ಕನ್ನಡ ಹೊಡೆಯುವವರು, ನಮ್ಮ ಡಿಟಿಪಿಯವರು, ನೀವು ಮಾತ್ರ ದಯವಿಟ್ಟು ಇದನ್ನು ಯೋಚಿಸಿ ನೋಡಿ. ಕೈ ಹೋದರೆ ನಮ್ಮ ಕಸುಬೇ ಹೋಗುತ್ತದೆ.

ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ಮನೆಯಲ್ಲಿ ಇನ್ನೊಂದು ಹಳೆಯ ಕೀಬೋರ್ಡ್ ಬಿದ್ದಿರುತ್ತದೆ, ಇಲ್ಲದಿದ್ದರೆ ಯಾರ ಹತ್ತಿರವಾದರೂ ಕೇಳಿ. ಎರಡನ್ನೂ ಒಂದೇ ವಿಂಡೋಸ್ ಕಂಪ್ಯೂಟರಿಗೆ ಹಾಕಿ, ಭುಜದಗಲ ದೂರ ಇಡಿ. ಎಡಗೈ ಒಂದರ ಮೇಲೆ, ಬಲಗೈ ಇನ್ನೊಂದರ ಮೇಲೆ. ಒಂದರ ಶಿಫ್ಟ್ ಹಿಡಿದು ಇನ್ನೊಂದರಲ್ಲಿ ಎಲ್ ಒತ್ತಿದರೂ ಳ ಬರುತ್ತದೆ. ಹಾಗೇ ಎರಡು ಪುಟ ಟೈಪ್ ಮಾಡಿ. ಭುಜಕ್ಕೆ ಏನಾಯಿತು, ಬ ಯಾವ ಕೈಯಿಂದ ಹೊಡೆಯುತ್ತೀರಿ, ಎರಡೂ ಅಷ್ಟರಲ್ಲೇ ಗೊತ್ತಾಗುತ್ತದೆ.